ಡ್ರ್ಯಾಗನ್ ಪಾಠಕ್ಕೆ ಕುಳಿತಾಗ

ಪ್ರಶ್ನೆ: ನನ್ನ ಮಗನಿಗೆ ಹದಿಮೂರು ವರ್ಷ. ಬೇಸಿಗೆ ರಜೆಯಲ್ಲಿ ಕ್ರಿಸ್ಟೋಫರ್ ಪಾವೊಲಿನಿಯವರ ‘ಎರಗಾನ್’ ಕಾದಂಬರಿಯನ್ನು ಐದೇ ದಿನಗಳಲ್ಲಿ ಓದಿ ಮುಗಿಸಿದ; ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಹಟ ಹಿಡಿದು ಅದರ ಮುಂದಿನ ಭಾಗ ‘ಎಲ್ಡೆಸ್ಟ್’ ಅನ್ನೂ ತರಿಸಿಕೊಂಡ. ಎರಡು ತಿಂಗಳಾದರೂ ಅದು ಅರ್ಧಕ್ಕೆ ಬಂದಿಲ್ಲ. ಕೇಳಿದರೆ ‘ಬರೀ ಪಾಠ ಮಾಡ್ತಾರೆ ಅಪ್ಪಾ, ಏನೂ ಆಗೋದೇ ಇಲ್ಲ’ ಎನ್ನುತ್ತಾನೆ. ದಪ್ಪ ಪುಸ್ತಕ ಓದುವ ತಾಳ್ಮೆ ಅವನಲ್ಲಿ ಕಡಿಮೆಯಾಗುತ್ತಿದೆಯೇ, ಅಥವಾ ಪುಸ್ತಕದಲ್ಲೇ ಕೊರತೆಯಿದೆಯೇ? ಮುಗಿಸಲೇಬೇಕೆಂದು ಒತ್ತಾಯಿಸಬೇಕೇ? ನಾನು ಈ ಪುಸ್ತಕಗಳನ್ನು ಓದಿದವನಲ್ಲ.
– ಶಿವಮೊಗ್ಗದ ಒಬ್ಬ ತಂದೆ

ಉತ್ತರ: ಮಾನ್ಯರೇ, ನಿಮ್ಮ ಮಗನ ತಾಳ್ಮೆಯ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ಐನೂರು ಪುಟಗಳ ಆಸುಪಾಸಿನ ಮೊದಲ ಪುಸ್ತಕವನ್ನು ಐದು ದಿನಗಳಲ್ಲಿ ಮುಗಿಸಿದ ಹುಡುಗನಿಗೆ ತಾಳ್ಮೆಯ ಕೊರತೆ ಇರಲಾರದು. ‘ಬರೀ ಪಾಠ ಮಾಡುತ್ತಾರೆ, ಏನೂ ಆಗುವುದಿಲ್ಲ’ ಎಂಬ ಅವನ ಮಾತು, ಈ ಪುಸ್ತಕದ ಬಗ್ಗೆ ದೊಡ್ಡವರು ಬರೆದ ಎಷ್ಟೋ ವಿಮರ್ಶೆಗಳಿಗಿಂತ ನೇರವಾಗಿ ಗುರಿ ಮುಟ್ಟಿದೆ. ಆದರೆ ಅವನು ನಿಂತಿರುವ ಸ್ಥಳದಿಂದ ಕಾಣದ ಒಳ್ಳೆಯ ಭಾಗಗಳೂ ಅದರಲ್ಲಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕತೆಯ ಕೊನೆಯ ತಿರುವನ್ನು ಹೇಳದೆ ಉತ್ತರಿಸಲು ಸಾಧ್ಯವಿಲ್ಲವಾದ್ದರಿಂದ, ಇದನ್ನು ನೀವು ಓದಿ ಬದಿಗಿಡಿ. ಸದ್ಯಕ್ಕೆ ಮಗನ ಕೈಗೆ ಕೊಡಬೇಡಿ.

ನೀವು ಓದಿಲ್ಲವೆಂದಿರುವುದರಿಂದ ಮೊದಲ ಪುಸ್ತಕದ ಕತೆಯನ್ನು ಚುಟುಕಾಗಿ ಹೇಳುವೆ. ಕಾರ್ವಹಾಲ್ ಎಂಬ ಸಣ್ಣ ಹಳ್ಳಿಯ ಬಡ ರೈತ ಕುಟುಂಬದಲ್ಲಿ, ಸೋದರಮಾವನ ಆಶ್ರಯದಲ್ಲಿ ಬೆಳೆಯುತ್ತಿರುವ ಎರಗಾನ್‌ಗೆ ಬೇಟೆಗೆ ಹೋದಾಗ ಕಾಡಿನಲ್ಲಿ ಹೊಳೆಯುವ ನೀಲಿ ಕಲ್ಲೊಂದು ಸಿಗುತ್ತದೆ. ಕಲ್ಲೆಂದುಕೊಂಡದ್ದು ಮೊಟ್ಟೆ, ಅದರಿಂದ ಸಫೀರಾ ಎಂಬ ಹೆಣ್ಣು ಡ್ರ್ಯಾಗನ್ ಹೊರಬರುತ್ತದೆ. ಸಾಮ್ರಾಟ ಗ್ಯಾಲ್ಬಟೋರಿಕ್ಸ್ ಕಳುಹಿಸಿದ ರಾಜಾಕ್ ಎಂಬ ಘೋರ ಜೀವಿಗಳು ಮನೆಯನ್ನು ನಾಶಮಾಡುತ್ತವೆ, ಮಾವ ಸಾಯುತ್ತಾನೆ, ಊರಿನ ಕತೆಗಾರ ಮುದುಕ ಬ್ರಾಮ್‌ನೊಂದಿಗೆ ಹುಡುಗ ಸೇಡಿಗಾಗಿ ಹೊರಡುತ್ತಾನೆ. ಪುಸ್ತಕ ಮುಗಿಯುವುದು ಕುಬ್ಜರ ಪರ್ವತನಗರದಲ್ಲಿ ನಡೆಯುವ ಯುದ್ಧದಿಂದ. ಅಲ್ಲಿ ದುರ್ಜಾ ಎಂಬ ಮಾಯಾವಿಯನ್ನು ಎರಗಾನ್ ಕೊಲ್ಲುತ್ತಾನಾದರೂ ಅವನ ಬೆನ್ನಿನ ಮೇಲೆ ಭುಜದಿಂದ ಸೊಂಟದವರೆಗೆ ಗಾಯವೊಂದು ಉಳಿಯುತ್ತದೆ. ಈ ಗಾಯವನ್ನು ನೆನಪಿನಲ್ಲಿಡಿ. ನನ್ನ ವಾದದ ಅರ್ಧ ಭಾಗ ಅದರ ಮೇಲೆಯೇ ನಿಂತಿದೆ.

ಇಷ್ಟನ್ನು ಲೇಖಕರು ಬರೆಯತೊಡಗಿದ್ದು ತಮ್ಮ ಹದಿನೈದನೆಯ ವಯಸ್ಸಿನಲ್ಲಿ. ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಮನೆಯಲ್ಲೇ ಕಲಿತು ಬೆಳೆದ ಪಾವೊಲಿನಿಯವರ ಪುಸ್ತಕವನ್ನು ಮೊದಲು, 2002ರಲ್ಲಿ, ಕುಟುಂಬದವರೇ ಪ್ರಕಟಿಸಿದರು. ಲೇಖಕರು ಹಳೆಯ ಕಾಲದ ವೇಷ ಧರಿಸಿ ಶಾಲೆ, ಗ್ರಂಥಾಲಯಗಳನ್ನು ಸುತ್ತಿ ಅದನ್ನು ಪರಿಚಯಿಸಿದರು. ಕಾದಂಬರಿಕಾರ ಕಾರ್ಲ್ ಹಯಾಸೆನ್ ಅವರ ಮಲಮಗನಿಗೆ ಅದು ಬಹಳ ಹಿಡಿಸಿದ್ದರಿಂದ ವಿಷಯ ನಾಫ್ ಪ್ರಕಾಶನದವರೆಗೆ ಹೋಗಿ, 2003ರ ಆಗಸ್ಟ್‌ನಲ್ಲಿ ಅವರ ಆವೃತ್ತಿ ಹೊರಬಂತು. ‘ಎಲ್ಡೆಸ್ಟ್’ ಬಂದದ್ದು 2005ರ ಆಗಸ್ಟ್‌ನಲ್ಲಿ. ಆಗ ಲೇಖಕರಿಗೆ ಇಪ್ಪತ್ತೊಂದು ವರ್ಷ.

ಮೊದಲ ಪುಸ್ತಕದಲ್ಲೂ ಪಾಠಗಳಿವೆ ಎಂಬುದನ್ನು ನಿಮ್ಮ ಮಗ ಬಹುಶಃ ಗಮನಿಸಿರಲಾರ, ಏಕೆಂದರೆ ಅವು ಪಾಠವೆಂದು ಗೊತ್ತಾಗದಂತೆ ಬರುತ್ತವೆ. ದಿನವಿಡೀ ಕುದುರೆಯ ಮೇಲೆ ಸಾಗಿ ರಾತ್ರಿ ತಂಗಿದ ಕಡೆ ಬ್ರಾಮ್ ಕೋಲುಗಳನ್ನು ತಂದು ಕತ್ತಿವರಸೆ ಕಲಿಸುತ್ತಾನೆ, ಹುಡುಗ ಮೈತುಂಬ ಬಾಸುಂಡೆಗಳೊಂದಿಗೆ ಮಲಗುತ್ತಾನೆ, ಬೆಳಗಾದರೆ ಮತ್ತೆ ದಾರಿ. ಮಂತ್ರಶಕ್ತಿಯಂತೂ ಅವನಿಗೆ ಬರುವುದು ಪ್ರಾಣಾಪಾಯದಲ್ಲಿ: ಯಾಜುವಾಕ್ ಎಂಬ ಪಾಳುಬಿದ್ದ ಊರಿನಲ್ಲಿ ರಾಕ್ಷಸರು ಮೇಲೆರಗಿದಾಗ, ಹಿಂದೊಮ್ಮೆ ಕಿವಿಗೆ ಬಿದ್ದಿದ್ದ ಒಂದು ಶಬ್ದ ಬಾಯಿಂದ ಹೊರಟು ಬಾಣದ ತುದಿಯಲ್ಲಿ ನೀಲಿ ಬೆಂಕಿಯಾಗುತ್ತದೆ. ಮಂತ್ರ ಅವನ ಶಕ್ತಿಯನ್ನೆಲ್ಲ ಹೀರಿಬಿಡುತ್ತದೆ. ಏನು ಕಲಿತರೂ ಅದಕ್ಕೊಂದು ಬೆಲೆಯಿದೆ, ಕಲಿಯದಿದ್ದರೆ ಸಾವಿದೆ ಎಂಬ ಕರಾರನ್ನು ಪುಸ್ತಕ ಓದುಗನೊಂದಿಗೆ ಮಾಡಿಕೊಂಡಿತ್ತು.

‘ಎಲ್ಡೆಸ್ಟ್’ ಮುರಿದದ್ದು ಈ ಕರಾರನ್ನು. ಯುದ್ಧ ಮುಗಿದ ಮೂರು ದಿನಗಳಿಗೆ ಕತೆ ಆರಂಭವಾಗುತ್ತದೆ. ಸಾಮ್ರಾಟನ ವಿರುದ್ಧ ಹೋರಾಡುವ ಬಂಡಾಯಗಾರರ ನಾಯಕ ಹತನಾಗಿ ಅವನ ಮಗಳು ನಸುವಾಡಾ ಅಧಿಕಾರ ವಹಿಸುತ್ತಾಳೆ. ಎರಗಾನ್ ಸಫೀರಾಳೊಂದಿಗೆ, ಮನುಷ್ಯರಿಗಿಂತ ವೇಗ ಮತ್ತು ಬಲ ಹೆಚ್ಚಿರುವ ಎಲ್ಫ್ ಎಂಬ ಮಾಂತ್ರಿಕ ಕುಲದವರ ಮಹಾರಣ್ಯದ ನಡುವಿನ ಎಲ್ಲೆಸ್ಮೇರಾ ನಗರಕ್ಕೆ ವಿದ್ಯಾಭ್ಯಾಸಕ್ಕೆಂದು ಹೋಗುತ್ತಾನೆ. ಅಲ್ಲಿ ಓರೊಮಿಸ್ ಎಂಬ ವೃದ್ಧ ಗುರುವೂ ಗ್ಲೇಡರ್ ಎಂಬ ಚಿನ್ನದ ಬಣ್ಣದ ಡ್ರ್ಯಾಗನ್ನೂ ಇವರಿಬ್ಬರಿಗಾಗಿ ಗುಟ್ಟಾಗಿ ಕಾದಿರುತ್ತಾರೆ. ಅಲ್ಲಿಂದ ಮುಂದೆ ಪುಸ್ತಕದ ದೊಡ್ಡ ಪಾಲು ವೇಳಾಪಟ್ಟಿಯಾಗಿಬಿಡುತ್ತದೆ: ಬೆಳಿಗ್ಗೆ ಅಂಗಸಾಧನೆ, ಆಮೇಲೆ ಕತ್ತಿವರಸೆ, ಬಳಿಕ ಪ್ರಾಚೀನ ಭಾಷೆ, ಲಿಪಿ, ತರ್ಕ, ಧ್ಯಾನ. ನಿಮ್ಮ ಮಗನ ಪುಸ್ತಕ ಮುಚ್ಚಿರುವುದು ಖಂಡಿತ ಈ ಕಾಡಿನಲ್ಲೇ ಎಲ್ಲೋ ಇರಬೇಕು.

ಧ್ಯಾನದ ಪ್ರಸಂಗವನ್ನೇ ಹತ್ತಿರದಿಂದ ನೋಡೋಣ. ಗುರು ಶಿಷ್ಯನನ್ನು ಕಾಡಿನ ನಡುವಿನ ಬಯಲಿನಲ್ಲಿ ಒಂದು ಮರದ ಬೊಡ್ಡೆಯ ಮೇಲೆ ಕೂರಿಸಿ, ಸುತ್ತಲಿನ ಎಲ್ಲ ಜೀವಗಳ ಮನಸ್ಸನ್ನೂ ಒಟ್ಟಿಗೆ ಆಲಿಸು ಎಂದು ಹೇಳಿ ಹೋಗುತ್ತಾನೆ. ಎಷ್ಟೋ ಪ್ರಯತ್ನದ ನಂತರ ಹುಡುಗನಿಗೆ ಮೊದಲು ದಕ್ಕುವುದು ಇರುವೆಗಳು: ಅವುಗಳ ಗೂಡು, ಸಾಲು, ಆಹಾರ ಹೊರುವ ಶಿಸ್ತು, ಶತ್ರುಗಳೊಂದಿಗಿನ ಜಗಳ. ಪ್ರತಿದಿನ ಬಂದು ಕೂರುತ್ತಾ, ಒಂದೊಂದು ಪ್ರಾಣಿಯ ಒಳಗನ್ನೂ ಅರಿಯುತ್ತಾ ಹೋದಂತೆ ಅವನಿಗೆ ಮಾಂಸ ತಿನ್ನುವುದು ಅಸಾಧ್ಯವಾಗುತ್ತದೆ. ಬೇಟೆಯಾಡಿ ಬದುಕಿದ ರೈತರ ಹುಡುಗ ಹೀಗೆ ಬದಲಾಗುವುದು ಕೆಟ್ಟ ಕಲ್ಪನೆಯೇನೂ ಅಲ್ಲ. ಅಹಿಂಸೆಯ ಮಾತನ್ನು ಬಸದಿ, ಮಠಗಳಿಂದ ಕೇಳಿ ಬೆಳೆದ ನಮ್ಮ ಕಡೆಯ ಓದುಗರಿಗೆ ಅದು ಇನ್ನಷ್ಟು ಹತ್ತಿರವಾಗಬಹುದು. ನನಗೂ ಆ ಇರುವೆಗಳು ಇಷ್ಟ. ಆದರೆ ಇರುವೆಯನ್ನು ಅರಿಯದೆ ಹೋದರೆ ಎರಗಾನ್ ಕಳೆದುಕೊಳ್ಳುವುದೇನು ಎಂದು ಕೇಳಿದರೆ ಉತ್ತರವಿಲ್ಲ. ನಾಳೆ ಮತ್ತೆ ಬಂದು ಕೂತರಾಯಿತು, ಗುರು ಕೋಪಿಸಿಕೊಳ್ಳುವುದಿಲ್ಲ, ಶತ್ರು ಆ ಕಾಡಿನೊಳಕ್ಕೆ ಬರಲಾರ. ಅಪಾಯವಿಲ್ಲದ ಶಾಲೆಯಲ್ಲಿ ಓದುಗ ಕಿಟಕಿಯಾಚೆ ನೋಡತೊಡಗುವುದು ಸಹಜ.

ಹಾಗಾದರೆ ವಿದ್ಯಾಭ್ಯಾಸದ ಕತೆಗಳೆಲ್ಲ ಬೇಸರದವೇ ಎಂದು ನೀವು ಕೇಳಬಹುದು. ನಮಗೆಲ್ಲ ಗೊತ್ತಿರುವ ಕರ್ಣ ಮತ್ತು ಪರಶುರಾಮರ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅಲ್ಲಿಯೂ ವೃದ್ಧ ಗುರುವಿದ್ದಾನೆ, ಕಾಡಿನ ಆಶ್ರಮವಿದೆ, ದಿವ್ಯಾಸ್ತ್ರಗಳ ಪಾಠವಿದೆ. ಆದರೆ ಶಿಷ್ಯ ಕುಲದ ಬಗ್ಗೆ ಸುಳ್ಳು ಹೇಳಿ ಸೇರಿದ್ದಾನೆ ಎಂಬ ಒಂದೇ ಎಳೆ ಅಷ್ಟೂ ಪಾಠಗಳನ್ನು ಬಿಗಿದು ಕಟ್ಟುತ್ತದೆ. ಗುರು ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ, ಹುಳು ತೊಡೆಯನ್ನು ಕೊರೆಯುತ್ತಿದೆ, ಅಲುಗಾಡಿದರೆ ಗುರುವಿನ ನಿದ್ದೆ ಕೆಡುತ್ತದೆ, ಅಲುಗಾಡದೆ ಸಹಿಸಿದರೆ ಆ ಸಹನೆಯೇ ಗುಟ್ಟನ್ನು ಹೊರಗೆಡಹುತ್ತದೆ. ಕಲಿತದ್ದು ಬೇಕಾದ ಹೊತ್ತಿಗೆ ಮರೆತುಹೋಗಲಿ ಎಂಬ ಶಾಪ ಕುರುಕ್ಷೇತ್ರದವರೆಗೂ ಬೆನ್ನು ಬಿಡುವುದಿಲ್ಲ. ಪರಶುರಾಮ ಕರ್ಣನಿಗೆ ಏನೇನು ಕಲಿಸಿದ ಎಂಬ ಪಟ್ಟಿ ನಮ್ಮಲ್ಲಿ ಯಾರಿಗೂ ನೆನಪಿಲ್ಲ, ಯಾರೂ ಕೇಳುವುದೂ ಇಲ್ಲ. ಆ ಹುಳುವನ್ನು ಮಾತ್ರ ಮರೆತವರಿಲ್ಲ. ಪಾವೊಲಿನಿ ಪಟ್ಟಿಯನ್ನು ಕೊಟ್ಟರು.

ಹುಳು ಅವರ ಬಳಿ ಇರಲಿಲ್ಲವೆಂದಲ್ಲ. ಬೆನ್ನಿನ ಗಾಯ ಇತ್ತಲ್ಲ, ಅದೇ ಹುಳು. ಎಲ್ಲೆಸ್ಮೇರಾದಲ್ಲಿ ಎರಗಾನ್‌ಗೆ ಆ ಗಾಯದಿಂದಾಗಿ ಇದ್ದಕ್ಕಿದ್ದಂತೆ ಸೆಳವು ಬರುತ್ತದೆ. ಕತ್ತಿ ಬೀಸುವಾಗ, ಅಂಗಸಾಧನೆಯ ನಡುವೆ, ಎಲ್ಲೆಂದರಲ್ಲಿ ಕುಸಿದುಬೀಳುತ್ತಾನೆ. ಅವನೊಂದಿಗೆ ಕತ್ತಿ ಹಿಡಿಯುವ ವನೀರ್ ಎಂಬ ಎಲ್ಫ್, ಇಂಥ ನಿಶ್ಶಕ್ತನ ಮೇಲೆ ನಮ್ಮ ಭವಿಷ್ಯ ನಿಂತಿದೆಯೇ ಎಂಬಂತೆ ಹೀಯಾಳಿಸುತ್ತಾನೆ. ಕಾಡಿನ ಭಾಗದಲ್ಲಿ ನಿಜವಾಗಿ ಜೀವವಿರುವ ಪುಟಗಳು ಇವು. ಹೀಗೆ ಮುರಿದ ದೇಹವನ್ನಿಟ್ಟುಕೊಂಡು ಇವನು ಸಾಮ್ರಾಟನನ್ನು ಎದುರಿಸುವುದು ಹೇಗೆ ಎಂಬ ಪ್ರಶ್ನೆಗೆ ಲೇಖಕರು ಒಂದು ಉತ್ತರವನ್ನು ಕಂಡುಕೊಳ್ಳಲೇಬೇಕಿತ್ತು, ಹುಡುಗನೂ ಅದಕ್ಕಾಗಿ ಏನನ್ನಾದರೂ ತೆರಬೇಕಿತ್ತು.

ಆದದ್ದೇ ಬೇರೆ. ಎಲ್ಫ್‌ಗಳು ನೂರು ವರ್ಷಕ್ಕೊಮ್ಮೆ ಆಚರಿಸುವ ಉತ್ಸವದ ರಾತ್ರಿ, ಮಂತ್ರದಿಂದ ಮೂಡಿದ ಡ್ರ್ಯಾಗನ್‌ನ ಛಾಯಾರೂಪವೊಂದು ಎರಗಾನ್‌ನನ್ನು ಮುಟ್ಟುತ್ತದೆ; ಅವನು ಎಚ್ಚರಗೊಳ್ಳುವಷ್ಟರಲ್ಲಿ ಗಾಯ ಮಾಯವಾಗಿದೆ, ಮುಖ ತಿದ್ದಿದಂತೆ ಸುಂದರವಾಗಿದೆ, ದೇಹಕ್ಕೆ ಎಲ್ಫ್‌ಗಳಷ್ಟೇ ವೇಗ ಮತ್ತು ಬಲ ಬಂದಿದೆ. ಮರುದಿನಗಳಲ್ಲೇ ವನೀರ್ ಸೋಲುತ್ತಾನೆ. ನೂರಾರು ಪುಟಗಳ ಕಾಲ ಜತನದಿಂದ ಬೆಳೆಸಿದ ಕಷ್ಟವನ್ನು ಒಂದು ರಾತ್ರಿಯ ವರ ಒರೆಸಿಹಾಕಿತು. ನಾನು ಈ ಪುಸ್ತಕವನ್ನು ಮೊದಲ ಸಲ ಓದಿದಾಗ ಕಾಡಿನ ಪಾಠಗಳನ್ನು ಹೇಗೋ ಸಹಿಸಿಕೊಂಡಿದ್ದೆ, ಆದರೆ ಇಲ್ಲಿಗೆ ಬಂದಾಗ ಮೋಸಹೋದಂತೆ ಅನ್ನಿಸಿತ್ತು: ವರದಿಂದಲೇ ಎಲ್ಲ ಆಗುವುದಿದ್ದರೆ ಅಷ್ಟು ದಿನ ಅಭ್ಯಾಸ ಮಾಡಿದ್ದು ಯಾತಕ್ಕೆ? ಪುರಾಣಗಳಲ್ಲಿ ವರಗಳು ಧಾರಾಳವಾಗಿ ಸಿಗುತ್ತವೆ, ನಿಜ; ಆದರೆ ಅಲ್ಲಿ ವರ ಸಿಕ್ಕಲ್ಲಿಂದ ತೊಂದರೆ ಶುರುವಾಗುತ್ತದೆ.

ಇನ್ನು ಪುಸ್ತಕದ ಇನ್ನರ್ಧದ ಮಾತು. ಎರಗಾನ್ ಕಾಡಿನಲ್ಲಿ ಇರುವೆ ಆಲಿಸುತ್ತಿರುವಾಗ, ಅವನ ಮಾವನ ಮಗ ರೋರನ್ ಹಳ್ಳಿಯಲ್ಲೇ ಇದ್ದಾನೆ. ಅವನನ್ನು ಹಿಡಿದೊಯ್ಯಲು ಸೈನಿಕರೂ ರಾಜಾಕ್‌ಗಳೂ ಬರುತ್ತಾರೆ. ಮಂತ್ರ ತಿಳಿಯದ, ಡ್ರ್ಯಾಗನ್ ಇಲ್ಲದ ಈ ಯುವಕ ಸುತ್ತಿಗೆಯೊಂದನ್ನು ಆಯುಧವಾಗಿ ಹಿಡಿಯುತ್ತಾನೆ; ಮರ ಕಡಿದು ಬೇಲಿ ಕಟ್ಟುವುದು, ಮಕ್ಕಳು ಮುದುಕರನ್ನು ಬೆಟ್ಟಕ್ಕೆ ಸಾಗಿಸುವುದು, ಊರೆಂಬ ಊರನ್ನೇ ಬಿಟ್ಟು ಹೊರಡೋಣವೆಂದು ಜನರನ್ನು ಒಪ್ಪಿಸುವುದು, ಹೀಗೆ ಅವನ ಪ್ರತಿ ಅಧ್ಯಾಯದಲ್ಲೂ ಒಂದು ನಿರ್ಧಾರವಿದೆ, ನಿರ್ಧಾರಕ್ಕೆ ನಷ್ಟವಿದೆ. ತಾನು ಕೊಂದವರ ಲೆಕ್ಕ ಅವನ ತಲೆಯಿಂದ ಹೋಗುವುದಿಲ್ಲ.

ಆ ಭಾಗದ ದ್ರೋಹಿಯನ್ನೂ ನೋಡಿ. ಊರಿನ ಕಟುಕ ಸ್ಲೋನ್, ರೋರನ್ ಪ್ರೀತಿಸುವ ಕತ್ರಿನಾಳ ತಂದೆ. ಅವನ ಹೆಂಡತಿ ಸತ್ತದ್ದು ಬೆಟ್ಟಸಾಲಿನ ಜಲಪಾತದಲ್ಲಿ. ಅಂದಿನಿಂದ ಅವನಿಗೆ ಆ ಬೆಟ್ಟವೆಂದರೆ ಭಯ ಮತ್ತು ದ್ವೇಷ. ಈಗ ಊರಿನವರು ಅದೇ ಬೆಟ್ಟಕ್ಕೆ ಹೋಗೋಣವೆನ್ನುತ್ತಿದ್ದಾರೆ, ಮಗಳೂ ಅವರೊಂದಿಗೆ ಹೊರಟಿದ್ದಾಳೆ. ಕಾವಲುಗಾರನನ್ನು ಕೊಂದು ಶತ್ರುವಿಗೆ ದಾರಿ ಬಿಡುವ ಸ್ಲೋನ್ ಕ್ಷಮೆಗೆ ಅರ್ಹನಲ್ಲವಾದರೂ, ಏಕೆ ಹಾಗೆ ಮಾಡಿದ ಎಂಬುದು ಹದಿಮೂರರ ಹುಡುಗನಿಗೂ ತಟ್ಟನೆ ಅರ್ಥವಾಗುತ್ತದೆ. ಕತ್ರಿನಾ ಸೆರೆಯಾಗುತ್ತಾಳೆ, ಕೊಟ್ಟ ಮಾತಿಗೆ ತಪ್ಪಿ ಶತ್ರುಗಳು ಸ್ಲೋನ್‌ನನ್ನೂ ಹೊತ್ತೊಯ್ಯುತ್ತಾರೆ, ಇಡೀ ಊರು ಬೆಟ್ಟ ದಾಟಿ, ಬಂದರಿನಲ್ಲಿ ಹಡಗೊಂದನ್ನು ಕದ್ದು, ಕಡಲಿನ ದೊಡ್ಡ ಸುಳಿಯನ್ನು ಹಾದು ದಕ್ಷಿಣಕ್ಕೆ ಬರುತ್ತದೆ. ನಿಮ್ಮ ಮಗ ಬಯಸುತ್ತಿರುವ ಸಾಹಸಕಥೆ ಪುಸ್ತಕದಲ್ಲಿ ಇಲ್ಲದಿಲ್ಲ. ಅದು ನಾಯಕನ ಕೈ ತಪ್ಪಿ ಅವನ ಭಾವನ ಕೈ ಸೇರಿದೆ, ಅಷ್ಟೇ. ಲೇಖಕರು ಎರಡನ್ನೂ ಹೆಣೆದಿರುವ ಕ್ರಮದಿಂದ ಹಾನಿ ಇನ್ನಷ್ಟು ಹೆಚ್ಚಿತು. ರೋರನ್‌ನ ಬೇಲಿಗೆ ಬೆಂಕಿ ಬೀಳುವ ಹೊತ್ತಿಗೆ ಅಧ್ಯಾಯ ಮುಗಿದು, ಪುಟ ತಿರುವಿದರೆ ಮತ್ತೆ ಕಾಡು, ಮತ್ತೆ ಗುರು. ಎರಡು ಬೇರೆ ವೇಗದ ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದ ಹಾಗೆ.

ಎಲ್ಫ್‌ಗಳ ಕಾಡಿನ ಪಾಠಗಳಲ್ಲಿ ಒಂದೇ ಒಂದು ಮಾತ್ರ ನನ್ನ ದೃಷ್ಟಿಯಲ್ಲಿ ಇಡೀ ಸರಣಿಯ ಶ್ರೇಷ್ಠ ಕ್ಷಣ. ಮೊದಲ ಪುಸ್ತಕದಲ್ಲಿ ಒಬ್ಬ ಮುದುಕಿ ಅನಾಥ ಹಸುಗೂಸನ್ನು ತಂದು ಆಶೀರ್ವದಿಸು ಎಂದಾಗ ಎರಗಾನ್ ಪ್ರಾಚೀನ ಭಾಷೆಯಲ್ಲಿ ಏನೋ ಹೇಳಿರುತ್ತಾನೆ. ಕೇಡಿನಿಂದ ನಿನಗೆ ರಕ್ಷಣೆಯಿರಲಿ ಎಂಬುದು ಅವನ ಆಶಯ. ಈಗ ಓರೊಮಿಸ್‌ನ ಮುಂದೆ ಅದನ್ನು ಹೇಳಿದಾಗ ತಪ್ಪು ಹೊರಬೀಳುತ್ತದೆ: ಪದದ ಕೊನೆಯ ಒಂದು ಪ್ರತ್ಯಯ ಬಿಟ್ಟುಹೋಗಿ, ನೀನು ಇತರರ ಪಾಲಿಗೆ ಕೇಡನ್ನು ತಡೆಯುವ ಗುರಾಣಿಯಾಗು ಎಂದು ಅರ್ಥವಾಗಿಬಿಟ್ಟಿದೆ. ಎಲ್ವಾ ಎಂಬ ಆ ಮಗು ಕೆಲವೇ ತಿಂಗಳಲ್ಲಿ ನಾಲ್ಕೈದು ವರ್ಷದವಳಂತೆ ಬೆಳೆದು, ಸುತ್ತಲಿನ ಪ್ರತಿಯೊಬ್ಬರ ನೋವನ್ನೂ ತನ್ನ ಮೈಯಲ್ಲಿ ಅನುಭವಿಸುತ್ತಾ, ಅದನ್ನು ತಡೆಯಲು ಧಾವಿಸದೆ ಇರಲಾರದವಳಾಗಿದ್ದಾಳೆ. ‘ಇಸು’ ಎಂಬ ಒಂದು ಪ್ರತ್ಯಯ ಸೇರಿದರೆ ಓದುವವನು ಓದಿಸುವವನಾಗುವ ಭಾಷೆ ನಮ್ಮದು. ವ್ಯಾಕರಣದ ತಪ್ಪಿಗೆ ಶಾಲೆಯಲ್ಲಿ ಅಂಕ ಕಳೆದುಕೊಂಡ ಯಾವ ಕನ್ನಡದ ಹುಡುಗನಿಗೂ ಈ ಪ್ರಸಂಗ ನಾಟದೆ ಇರದು. ಭಾಷಾಪಾಠಗಳ ಅಷ್ಟೂ ಪುಟಗಳಿಗೆ ಇದೊಂದೇ ಸಮರ್ಥನೆ, ಅದೂ ಮೊದಲ ಪುಸ್ತಕದಲ್ಲಿ ಬಿತ್ತಿದ ಬೀಜದಿಂದ ಬಂದದ್ದು.

ನಸುವಾಡಾಳ ಒಂದು ಸಣ್ಣ ಉಪಾಯವೂ ನನಗೆ ಮೆಚ್ಚುಗೆ. ಸೈನ್ಯಕ್ಕೆ ಹಣವಿಲ್ಲ, ಬಟ್ಟೆಯ ಅಂಚಿಗೆ ಹಚ್ಚುವ ಜಾಲರಿಯಂಥ ಲೇಸ್ ಹೆಣೆಯಲು ವಿಪರೀತ ಶ್ರಮ ಹಿಡಿಯುವುದರಿಂದಲೇ ಅದಕ್ಕೆ ಅಷ್ಟು ಬೆಲೆ ಎಂದು ಹೊಳೆದ ಅವಳು, ಮಂತ್ರವಾದಿಗಳಿಂದ ಅದನ್ನು ಹೆಣೆಯಿಸಿ ಕಡಿಮೆ ಬೆಲೆಗೆ ಮಾರಿಸುತ್ತಾಳೆ. ಮಾಂತ್ರಿಕ ಲೋಕದಲ್ಲಿ ಮಾರುಕಟ್ಟೆ ಹೇಗಿರುತ್ತದೆ ಎಂದು ಯೋಚಿಸುವ ಲೇಖಕರು ವಿರಳ.

ಕೊನೆಯ ಯುದ್ಧದಲ್ಲಿ, ಸತ್ತನೆಂದುಕೊಂಡಿದ್ದ ಗೆಳೆಯ ಮರ್ಟಾಗ್ ಥಾರ್ನ್ ಎಂಬ ಕೆಂಪು ಡ್ರ್ಯಾಗನ್‌ನ ಮೇಲೆ ಸಾಮ್ರಾಟನ ಪರವಾಗಿ ಬಂದು, ಎರಗಾನ್‌ನನ್ನು ಸೋಲಿಸಿ, ನಾವಿಬ್ಬರೂ ಅಣ್ಣತಮ್ಮಂದಿರು, ಸಾಮ್ರಾಟನ ಬಂಟನಾಗಿದ್ದ ದುಷ್ಟ ಮೊರ್ಜಾನ್‌ನ ಮಕ್ಕಳು ಎನ್ನುತ್ತಾನೆ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರ ನೋಡಿದವರಿಗೆ ಈ ಇಡೀ ವಿನ್ಯಾಸ, ಅಂದರೆ ದೂರದ ಕಾಡಿನ ವೃದ್ಧ ಗುರು, ಅಪೂರ್ಣ ಶಿಕ್ಷಣ, ಸೋಲು, ರಕ್ತಸಂಬಂಧದ ಬಯಲು, ಮೊದಲೇ ಗೊತ್ತಿರುವಂಥದ್ದು. ಅನುಕರಣೆಯ ಈ ಆಪಾದನೆ ಬಹಳ ಜೋರಾಗಿಯೇ ಕೇಳಿಬಂದಿದೆ. ನನಗೆ ಅದು ಮುಖ್ಯ ದೋಷವಾಗಿ ಕಾಣುವುದಿಲ್ಲ. ಮಕ್ಕಳು ಹಳೆಯ ಕತೆಯನ್ನು ಹೊಸ ಬಾಯಲ್ಲಿ ಕೇಳಲು ಬೇಸರಿಸುವವರಲ್ಲ. ಆ ಚಿತ್ರದಿಂದ ಕಲಿಯಬೇಕಿದ್ದ ಅಳತೆಯನ್ನು ಕಲಿಯಲಿಲ್ಲವೆಂಬುದೇ ನನ್ನ ದೂರು. ಅಲ್ಲಿ ಗುರುವಿನ ಬಳಿಯ ದೃಶ್ಯಗಳು ಕೆಲವೇ ನಿಮಿಷಗಳವು, ಬಹುಪಾಲು ಶಿಷ್ಯ ಸೋಲುವ ದೃಶ್ಯಗಳು. ವರವೇನೂ ಸಿಗದೆ ಹೊರಟುಹೋದ ಅವನು ತನ್ನ ಒಂದು ಕೈಯನ್ನೇ ಕಳೆದುಕೊಳ್ಳುತ್ತಾನೆ.

ಇಷ್ಟು ಪುಟಗಳನ್ನು ಯಾರೂ ಏಕೆ ತಡೆಯಲಿಲ್ಲ ಎಂಬುದಕ್ಕೆ ಕಾಲವೂ ಒಂದು ಕಾರಣ. 2003ರಲ್ಲಿ ಬಂದ ಹ್ಯಾರಿ ಪಾಟರ್‌ನ ಐದನೆಯ ಪುಸ್ತಕ ಬ್ರಿಟನ್ನಿನ ಆವೃತ್ತಿಯಲ್ಲಿ 766 ಪುಟಗಳಷ್ಟಿತ್ತು. ಮಕ್ಕಳು ದಪ್ಪ ಪುಸ್ತಕ ಓದುವುದಿಲ್ಲವೆಂಬ ಹಳೆಯ ನಂಬಿಕೆ ಹೊರಟುಹೋಗಿ, ದಪ್ಪವಿದ್ದಷ್ಟೂ ಒಳ್ಳೆಯದೆಂಬ ಇನ್ನೊಂದು ಬಂದು ಕುಳಿತಿತ್ತು. ಇನ್ನೊಂದು ಕಾರಣ ನನ್ನ ಊಹೆ ಮಾತ್ರ: ಹದಿಹರೆಯದಲ್ಲೇ ಹೆಸರಾದ ಲೇಖಕರು ಎರಡನೆಯ ಪುಸ್ತಕದ ಹೊತ್ತಿಗೆ ತಾವೇ ವಿದ್ಯಾರ್ಥಿಯಾಗಿ, ಭಾಷೆ, ತರ್ಕ, ಕಸುಬುಗಳನ್ನು ಆಸೆಯಿಂದ ಓದಿಕೊಳ್ಳುತ್ತಿದ್ದಿರಬೇಕು, ಆ ಕಲಿಕೆಯ ಸಂತೋಷವೇ ಎರಗಾನ್‌ನ ದಿನಚರಿಯಾಗಿ ಹರಿದಿದೆ. ಬರೆಯುವವರಿಗೆ ಅದು ಹಬ್ಬವಾಗಿತ್ತೆಂಬುದು ಪುಟಪುಟದಲ್ಲೂ ಕಾಣುತ್ತದೆ. ಮೂರು ಪುಸ್ತಕಗಳೆಂದು ಯೋಜಿಸಿದ್ದ ಸರಣಿ ನಾಲ್ಕಕ್ಕೆ ಬೆಳೆದು 2008 ಮತ್ತು 2011ರಲ್ಲಿ ಉಳಿದೆರಡು ಭಾಗಗಳು ಬಂದದ್ದೂ ಇದೇ ಸ್ವಭಾವದಿಂದ. ಮೂರನೆಯದಾದ ‘ಬ್ರಿಸಿಂಗರ್’ನಲ್ಲಿ ಕುಬ್ಜರು ತಮ್ಮ ರಾಜನನ್ನು ಆರಿಸುವ ಸಭೆ ಮುಗಿಯುವುದಕ್ಕೆ ಮತ್ತೆ ತಾಳ್ಮೆ ಬೇಕಾಗುತ್ತದೆ ಎಂಬುದನ್ನು ಈಗಲೇ ತಿಳಿಸಿಬಿಡುತ್ತೇನೆ.

ಈಗ ನೀವು ಮಾಡಬೇಕಾದದ್ದು. ಮುಗಿಸಲೇಬೇಕೆಂದು ಒತ್ತಾಯಿಸಬೇಡಿ, ಹಾಗೆಂದು ಪುಸ್ತಕವನ್ನು ಕಪಾಟಿಗೂ ಸೇರಿಸಬೇಡಿ. ಎರಗಾನ್‌ನ ಅಧ್ಯಾಯಗಳನ್ನು ಬಿಟ್ಟು ರೋರನ್‌ನ ಅಧ್ಯಾಯಗಳನ್ನಷ್ಟೇ ಸಾಲಾಗಿ ಓದು ಎಂದು ಹೇಳಿ. ಅಧ್ಯಾಯದ ಮೊದಲ ಕೆಲವು ಸಾಲುಗಳಲ್ಲೇ ಯಾರ ಕತೆಯೆಂದು ತಿಳಿಯುತ್ತದೆ. ಹಾಗೆ ಓದಿದರೆ ಅದು ತನ್ನಷ್ಟಕ್ಕೆ ಒಂದು ಬಿಗಿಯಾದ ಸಾಹಸ ಕಾದಂಬರಿ. ಅವನು ಒಂದು ವಾರದಲ್ಲಿ ಮುಗಿಸದಿದ್ದರೆ ನನಗೆ ಆಶ್ಚರ್ಯ. ಆಮೇಲೆ ಹಿಂದಿರುಗಿ ಎಲ್ವಾಳ ಆಶೀರ್ವಾದದ ಪ್ರಸಂಗ, ಉತ್ಸವದ ರಾತ್ರಿ, ಕೊನೆಯ ಯುದ್ಧ ಇಷ್ಟನ್ನು ಓದಿಕೊಳ್ಳಲಿ. ಉತ್ಸವದ ಅಧ್ಯಾಯ ಮುಗಿದ ಮೇಲೆ, ಗಾಯ ಹಾಗೆ ವಾಸಿಯಾದದ್ದು ಸರಿಯೆನ್ನಿಸಿತೇ ಎಂದು ಒಂದೇ ಒಂದು ಪ್ರಶ್ನೆ ಕೇಳಿ, ಅವನ ಉತ್ತರಕ್ಕೆ ಎದುರು ಹೇಳದೆ ಸುಮ್ಮನಿರಿ. ಯುದ್ಧ ಮುಗಿದು ರೋರನ್ ಮತ್ತು ಎರಗಾನ್ ಎದುರುಬದುರಾಗುವ ಪುಟವನ್ನು ಮಾತ್ರ ಅವನು ಬಿಡದಂತೆ ನೋಡಿಕೊಳ್ಳಿ: ದೇವತೆಯಂತೆ ಬದಲಾಗಿ ನಿಂತಿರುವ ವೀರನ ದವಡೆಗೆ ಸುತ್ತಿಗೆಯ ರೋರನ್ ಗುದ್ದು ಕೊಡುತ್ತಾನೆ, ತನ್ನ ತಂದೆಯ ಸಾವಿಗಾಗಿ. ಕಾಡಿನ ಅಷ್ಟೂ ಪಾಠ ಕೇಳಿ ಬಳಲಿದ ಓದುಗನ ಪರವಾಗಿಯೂ ಇರಬಹುದು.

ದೃಷ್ಟಿಕೋನ ಬದಲಿಸಿಯೂ ಗೆದ್ದ ಎರಡನೆಯ ಪುಸ್ತಕವೊಂದು ಅವನಿಗೆ ಬೇಕೆಂದರೆ ಉರ್ಸುಲಾ ಲೆ ಗ್ವಿನ್ ಅವರ ಅರ್ತ್‌ಸೀ ಸರಣಿಯನ್ನು ಕೊಡಿಸಿ. 1968ರ ಮೊದಲ ಭಾಗದ ನಾಯಕ ಗೆಡ್, 1971ರ ಎರಡನೆಯ ಭಾಗ ‘ದಿ ಟೂಂಬ್ಸ್ ಆಫ್ ಅಟುವಾನ್’ನಲ್ಲಿ ಬಹಳ ಹೊತ್ತು ಕಾಣಿಸಿಕೊಳ್ಳುವುದೇ ಇಲ್ಲ, ಸಮಾಧಿಗಳ ಪೂಜಾರಿಣಿಯಾದ ಒಬ್ಬ ಹುಡುಗಿ ಕತ್ತಲೆಯ ಸುರಂಗಗಳನ್ನು ಕೈಯಿಂದ ಮುಟ್ಟಿ ಕಲಿಯುತ್ತಿರುತ್ತಾಳೆ. ಅದೂ ಒಂದು ಪಾಠವೇ, ಆದರೆ ಒಂದು ತಿರುವು ಮರೆತರೆ ಹೊರಬರುವ ದಾರಿಯಿಲ್ಲ. ಪುಸ್ತಕವೂ ತೆಳ್ಳಗಿದೆ.

ಎಲ್ವಾ ಮುಂದೆ ಏನಾದಳು ಎಂದು ಅವನು ಕೇಳಿದರೆ, ಎರಗಾನ್ ಆ ಶಾಪವನ್ನು ತೆಗೆಯಲು ಯತ್ನಿಸುವುದು ‘ಬ್ರಿಸಿಂಗರ್’ನಲ್ಲಿದೆ ಎಂದಷ್ಟೇ ಹೇಳಿ. ಆಗ ಆ ಹುಡುಗಿ ಮಾಡುವ ಆಯ್ಕೆಯನ್ನು ಅವನೇ ಓದಿ ನಿಮಗೆ ಹೇಳಲಿ.